ಅಡಾಪ್ಟಿವ್ ಕಂಟ್ರೋಲ್ ಆನ್ ಇದ್ದರೂ ಪಾಕೆಟ್ ಗೋಡೆ ಇಳಿಜಾರು ಬರುತ್ತಿದೆ, ಏಕೆ?

ಪ್ರಶ್ನೆ: ಸರ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಿಲ್ಲಿಂಗ್ ಯಂತ್ರದಲ್ಲಿ ಉಕ್ಕಿನೊಳಗೆ 30 ಮಿ.ಮೀ. ಆಳದ ಪಾಕೆಟ್ (ಗುಳಿ) ಕೊರೆಯುತ್ತಿದ್ದೇನೆ. 10 ಮಿ.ಮೀ. ವ್ಯಾಸದ ಕಾರ್ಬೈಡ್ ಎಂಡ್‌ಮಿಲ್ (ತಿರುಗುತ್ತಾ ಕೊರೆಯುವ ಕಟರ್), ಹೋಲ್ಡರ್‌ನಿಂದ 40 ಮಿ.ಮೀ. ಹೊರಗಿದೆ, ಕ್ಲೈಂಬ್ ಮಿಲ್ಲಿಂಗ್ (ಹಲ್ಲು ದಪ್ಪ ಚಿಪ್‌ನಿಂದ ಶುರುಮಾಡಿ ತೆಳುವಾಗಿ ಮುಗಿಸುವ ರೀತಿ). ಗೋಡೆ ಮೇಲೆ ಅಳತೆಗೆ ಸರಿ, ತಳದಲ್ಲಿ 0.03 ಮಿ.ಮೀ. ಲೋಹ ಉಳಿಯುತ್ತದೆ. ಸ್ಪಿಂಡಲ್ (ಕಟರ್ ತಿರುಗಿಸುವ ಶಾಫ್ಟ್) ಲೋಡ್ ನೋಡಿ ಫೀಡ್ (ಕಟರ್ ಮುಂದೆ ಸಾಗುವ ವೇಗ) ಬದಲಿಸುವ ಅಡಾಪ್ಟಿವ್ ಕಂಟ್ರೋಲ್ ಹಾಕಿದರೂ ಹೋಗುತ್ತಿಲ್ಲ.

ಉತ್ತರ: ಟೂಲ್ ಬಾಗುತ್ತಿದೆ. ಕ್ಲೈಂಬ್‌ನಲ್ಲಿ ಬಲ ಕಟರನ್ನು ಗೋಡೆಯಿಂದ ಆಚೆಗೆ ತಳ್ಳುತ್ತದೆ. ತುದಿ ಹೆಚ್ಚು ಬಾಗುವುದರಿಂದ ತಳದಲ್ಲೇ ಲೋಹ ಉಳಿಯುತ್ತದೆ. ಅಡಾಪ್ಟಿವ್ ಕಂಟ್ರೋಲ್ ಬಲವನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ, ಇಲ್ಲವಾಗಿಸುವುದಿಲ್ಲ. ಕಟರ್‌ನ ಫ್ಲೂಟ್ (ಚಿಪ್ಸ್ ಹೊರಹೋಗುವ ತೋಡು) ಕಳೆದು ಲೆಕ್ಕ ಹಾಕಿದರೆ 200 ನ್ಯೂಟನ್ ಅಡ್ಡಬಲಕ್ಕೆ ನಿಮ್ಮ ಟೂಲ್ ತುದಿ ಸುಮಾರು 0.035 ಮಿ.ಮೀ. ಸರಿಯುತ್ತದೆ. ಬಾಗುವಿಕೆ ಹೊರಚಾಚಿದ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 40 ಅನ್ನು 34ಕ್ಕೆ ಇಳಿಸಿದರೂ ಸುಮಾರು ಶೇ. 40 ಕಡಿಮೆಯಾಗುತ್ತದೆ, ಮೊದಲು ಅದನ್ನೇ ಮಾಡಿ.

ಆಮೇಲೆ ರಫಿಂಗ್‌ನಲ್ಲಿ, ಅಂದರೆ ಮೊದಲ ಒರಟು ಕೊರೆತದಲ್ಲಿ, ಗೋಡೆಗೆ 0.2 ಮಿ.ಮೀ. ಸಮವಾಗಿ ಬಿಡಿ. ಮೂಲೆಯಲ್ಲಿ ಕಟರ್ ಹೆಚ್ಚು ಕೋನದಲ್ಲಿ ಲೋಹಕ್ಕೆ ತಾಗುತ್ತದೆ, ಬಲ ಅಲ್ಲಿ ಥಟ್ಟನೆ ಏರುತ್ತದೆ. ಅಡಾಪ್ಟಿವ್ ನಿಜಕ್ಕೂ ನೆರವಾಗುವುದು ಇಲ್ಲಿ. ಆದರೆ ಲೋಡ್ ಏರಿದ್ದು ಕಂಡ ಮೇಲೆಯೇ ಅದು ಫೀಡ್ ಇಳಿಸುತ್ತದೆ, ಅಷ್ಟರಲ್ಲಿ ಮೂಲೆಯ ಗುರುತು ಬಿದ್ದಿರುತ್ತದೆ. ಮೂಲೆಯ ರೇಡಿಯಸ್ಸಿಗಿಂತ ಚಿಕ್ಕ ರೇಡಿಯಸ್ಸಿನ ಕಟರ್ ಹಾಕಿ, ಮೂಲೆಯ ಫೀಡನ್ನು ಪ್ರೋಗ್ರಾಮ್‌ನಲ್ಲೇ ಇಳಿಸಿಬಿಡಿ. ಕೊನೆಗೆ ಅದೇ ಪಥದಲ್ಲಿ ಒಂದು ಸ್ಪ್ರಿಂಗ್ ಪಾಸ್ (ಅಳತೆ ಬದಲಿಸದೆ ಮತ್ತೊಂದು ಸುತ್ತು) ಕೊಡಿ.

ಪ್ರಶ್ನೆ: ಅಡಾಪ್ಟಿವ್‌ನಲ್ಲಿ ಫೀಡ್‌ನ ಕೆಳಮಿತಿಯನ್ನು ಪ್ರೋಗ್ರಾಮ್ ಫೀಡ್‌ನ ಶೇ. 20 ಇಟ್ಟಿದ್ದೇನೆ. ತಪ್ಪೇ? 4 ಮಿ.ಮೀ. ಕಟರ್ ಹಾಕಿದರಂತೂ ಲೋಡ್ ಮೀಟರ್ ಅಲುಗಾಡುವುದೇ ಇಲ್ಲ.

ಉತ್ತರ: ಶೇ. 20 ತೀರಾ ಕಡಿಮೆ. ಹಲ್ಲಿಗೆ 0.05 ಮಿ.ಮೀ. ಫೀಡ್ ಇದ್ದರೆ ಅದು 0.01 ಆಗುತ್ತದೆ, ಅಂಚು ಕತ್ತರಿಸದೆ ಉಜ್ಜುತ್ತದೆ, ಬಿಸಿಯೇರುತ್ತದೆ, ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಆದರೆ ಮೇಲ್ಮೈಯೂ ಗಟ್ಟಿಯಾಗುತ್ತದೆ. ಶೇ. 60ರಿಂದ 120ರೊಳಗೆ ಶುರುಮಾಡಿ. ಗುರಿ ಲೋಡನ್ನು ಹೊಸ ಟೂಲ್‌ನಿಂದ, ಅಳತೆ ಸರಿಬಂದ ಪೀಸ್‌ನಲ್ಲಿ ಕಲಿಸಿ. ಸವೆದ ಟೂಲ್‌ನಲ್ಲಿ ಕಲಿಸಿದರೆ ಗುರಿಯೇ ಎತ್ತರದಲ್ಲಿ ಕೂರುತ್ತದೆ.

4 ಮಿ.ಮೀ. ಕಟರ್‌ನ ಲೋಡ್ ದೊಡ್ಡ ಸ್ಪಿಂಡಲ್‌ನ ಖಾಲಿ ಓಟದ ಏರಿಳಿತದಲ್ಲೇ ಮುಚ್ಚಿಹೋಗುತ್ತದೆ. ಅಲ್ಲಿ ಅಡಾಪ್ಟಿವ್ ಆಫ್ ಮಾಡಿ, ಕ್ಯಾಮ್‌ನಲ್ಲೇ (ಕಟರ್‌ನ ಪಥ ತಯಾರಿಸುವ ಸಾಫ್ಟ್‌ವೇರ್) ಕಟರ್ ತಾಗುವ ಕೋನ ಸಮವಾಗಿರುವ ಪಥ ಹಾಕಿ.

ಪ್ರಶ್ನೆ: ಪ್ರೋಬ್‌ನಿಂದ (ಯಂತ್ರದಲ್ಲೇ ಪೀಸ್ ಮುಟ್ಟಿ ಅಳೆಯುವ ಸಾಧನ) ಅಳೆದು ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟ ಟೂಲ್ ಅಳತೆಯ ತಿದ್ದುಪಡಿ) ತಾನೇ ತಿದ್ದುವಂತೆ ಮಾಡಬಹುದೇ?

ಉತ್ತರ: ಮಾಡಿ, ಆದರೆ ಕಂಡ ದೋಷದ ಅರ್ಧದಷ್ಟನ್ನೇ ತಿದ್ದಿಸಿ. ಪೂರ್ತಿ ತಿದ್ದಿದರೆ ಚಿಪ್ಸ್ ಅಂಟಿದ ಒಂದು ತಪ್ಪು ಅಳತೆಗೂ ಮುಂದಿನ ಪೀಸ್ ಆಚೀಚೆ ಓಲಾಡುತ್ತದೆ. ಅಳೆಯುವ ಮುನ್ನ ಗಾಳಿ ಊದಿ ಒರೆಸಿ, ಪೀಸ್ ತಣ್ಣಗಾಗಲಿ: 100 ಮಿ.ಮೀ. ಉಕ್ಕು 10 ಡಿಗ್ರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಒಂದು ಮಾತು, ಗೋಡೆಯ ಇಳಿಜಾರನ್ನು ಆಫ್‌ಸೆಟ್ ತೆಗೆಯುವುದಿಲ್ಲ. ತಳ ಸರಿಮಾಡಹೋದರೆ ಮೇಲ್ಭಾಗ ಹೆಚ್ಚು ಕೊರೆದುಹೋಗುತ್ತದೆ.