ರಿಂಗ್ ರೋಡ್ ರೇಸ್ ನಿಲ್ಲಬೇಕು ಸರಿ, ಆದರೆ ಡ್ಯೂಟಿ ಮುಗಿಸಿ ಬರೋ ಹುಡುಗನಿಗೆ ಯಾಕೆ ಏಟು?

ಬಿಸಿಲೂರಿನವ ಕೇಳಿದ್ದು:

ನಮ್ಮ ಮನೆ ಕಲಬುರಗಿ ರಿಂಗ್ ರೋಡಿಗೆ ಹತ್ತಿದ ಬಡಾವಣೆಯಲ್ಲಿದೆ. ಬೇಸಿಗೆ ಬಂತೆಂದರೆ ಇಲ್ಲಿ ಅರ್ಧ ಮಂದಿ ಮಾಳಿಗೆ ಮೇಲೇ ಮಲಗುತ್ತಾರೆ, ಅದನ್ನ ನಿಮಗೆ ಹೇಳಬೇಕಾಗಿಲ್ಲ. ಶನಿವಾರ ರಾತ್ರಿ ಹನ್ನೊಂದು ದಾಟಿದರೆ ಶುರು. ಮೊದಲು ದೂರದಲ್ಲಿ ಗುಂಯ್ ಅಂತ ಸದ್ದು, ಆಮೇಲೆ ಪಟಾಕಿ ಸರ ಹಚ್ಚಿದ ಹಾಗೆ ಸೈಲೆನ್ಸರ್, ಆರೇಳು ಬೈಕು ಒಟ್ಟಿಗೆ ಹಾದು ಹೋಗುತ್ತವೆ, ಹತ್ತು ನಿಮಿಷಕ್ಕೆ ಅವೇ ವಾಪಸ್. ನಮ್ಮವ್ವನಿಗೆ ಬಿಪಿ ಇದೆ. ಒಮ್ಮೆ ಎದ್ದು ಕೂತರೆ ಬೆಳಗಿನ ತನಕ ನಿದ್ದೆ ಇಲ್ಲ. ನಾನೇ ಮೂರು ಸಲ 112ಕ್ಕೆ ಫೋನ್ ಮಾಡಿದ್ದೇನೆ.

ಹೋದ ಶನಿವಾರವೂ ಮಾಡಿದೆ. ಈ ಸಲ ಪೊಲೀಸರು ಬಂದರು. ಬಂದು ಹಿಡಿದದ್ದು ಯಾರನ್ನ? ನಮ್ಮ ಅಕ್ಕನ ಮಗನನ್ನ.

ಅವನು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾನೆ, ನಮ್ಮ ಮನೆಯಲ್ಲೇ ಇರುವುದು. ರಾತ್ರಿ ಡ್ಯೂಟಿ ಮುಗಿಸಿ ಹಳೇ ಸ್ಪ್ಲೆಂಡರ್ ಮೇಲೆ ಬರುತ್ತಿದ್ದ. ಹ್ಯಾಂಡಲ್‌ಗೆ ಊಟದ ಡಬ್ಬಿ ಚೀಲ ನೇತಾಡುತ್ತಿತ್ತು, ಅಂಗಿ ತುಂಬ ತೊಗರಿ ದೂಳು. ರೇಸಿನ ಹುಡುಗರು ಅಡ್ಡದಾರಿ ಹಿಡಿದು ಪರಾರಿ. ಇವನು ಏನೂ ತಪ್ಪು ಮಾಡಿಲ್ಲವಲ್ಲ ಅಂತ ನಿಧಾನಕ್ಕೆ ಬಂದು ನಿಂತ, ಅದೇ ತಪ್ಪಾಯಿತು. ಕೀ ಕಿತ್ತುಕೊಂಡರು. 'ನೀನೂ ಅವರ ಗ್ಯಾಂಗೇ' ಅಂತ ಮೀನಖಂಡಕ್ಕೆ ಎರಡು ಲಾಠಿ ಏಟು. ಕಿವಿ ಹಿಡಿದು ಬಸ್ಕಿ ಹೊಡೆಸಿದರು, ಅದನ್ನ ಯಾರೋ ಮೊಬೈಲಲ್ಲಿ ಹಿಡಿದುಕೊಂಡರು. ಗಾಡಿ ಠಾಣೆಗೆ ಹೋಯಿತು. ರಸೀದಿ ಇಲ್ಲ, ಚಲನ್ ಇಲ್ಲ, ಒಂದು ಚೀಟಿನೂ ಇಲ್ಲ. ನಾಲ್ಕು ದಿನದಿಂದ 'ಸಾಹೇಬ್ರು ಬರ್ಲಿ' ಅಂತಿದ್ದಾರೆ. ನಿನ್ನೆ ಒಬ್ಬರು ಮೆಲ್ಲಗೆ 'ಏನಾದ್ರೂ ನೋಡ್ಕೊಳ್ರಿ, ಬಿಡ್ಸೋಣ' ಅಂದರು.

ಫೋನ್ ಮಾಡಿದ್ದು ನಾನು ಅಂತ ಅಳಿಯನಿಗೆ ಇನ್ನೂ ಹೇಳಿಲ್ಲ.

ಹೀಗೆ ಗಾಡಿ ಹಿಡಿದಿಡಬಹುದಾ? ಎಲ್ಲಿ ಕೇಳಬೇಕು?

ಜೋಳದರೊಟ್ಟಿ:

ಎರಡು ಏಟಿಗೆ ಇಷ್ಟೊಂದಾ ಸರ? ಪೊಲೀಸರು ಬರದಿದ್ದರೆ 'ಬರಲ್ಲ' ಅಂತೀರಿ, ಬಂದರೆ 'ಹೊಡೆದರು' ಅಂತೀರಿ. ಈ ಹುಡುಗರಿಗೆ ಬುದ್ಧಿ ಮಾತು ನಾಟಲ್ಲ. ಸೈಲೆನ್ಸರ್ ಬಿಚ್ಚಿ ರೋಡ್ ರೋಲರ್ ಹತ್ತಿಸಬೇಕು, ಅಷ್ಟೇ.

ಸೇಡಂ ರಸ್ತೆ ಅಕ್ಕ:

ಜೋಳದರೊಟ್ಟಿ ಅಣ್ಣನ ಸಿಟ್ಟು ನನಗೆ ಅರ್ಥವಾಗುತ್ತೆ. ನಮ್ಮ ಮೈದುನನಿಗೆ ಇಂಥವನೇ ಒಬ್ಬ ಗುದ್ದಿ ಹೋದ. ಕಾಲಲ್ಲಿ ಈಗಲೂ ರಾಡ್ ಇದೆ, ಚಳಿಗಾಲದಲ್ಲಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ಗುದ್ದಿದವನು ಸಿಗಲೇ ಇಲ್ಲ, ಯಾಕಂದ್ರೆ ಹಿಂದಿನ ನಂಬರ್ ಪ್ಲೇಟನ್ನ ಮೇಲಕ್ಕೆ ಮಡಚಿಕೊಂಡಿದ್ದ. ಮಡಚಿದ ಪ್ಲೇಟು ಹಗಲಲ್ಲೇ ಕಾಣುತ್ತೆ ಅಲ್ವಾ? ಸಂಜೆ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿದರೆ ಎಷ್ಟು ಬೇಕು ಅಷ್ಟು ಸಿಗುತ್ತವೆ. ಆಗ ಹಿಡಿಯದೆ ರಾತ್ರಿ ಕತ್ತಲಲ್ಲಿ ಲಾಠಿ ಹಿಡಿದು ರಸ್ತೆಗೆ ಅಡ್ಡ ನಿಂತರೆ ಸಿಗುವುದು ನಿಂತವನು, ಓಡಿದವನಲ್ಲ.

ಮಂಡ್ಯದ್ದು ನೆನಪಿದೆಯಾ? 2025ರ ಮೇ ತಿಂಗಳು. ನಾಯಿ ಕಚ್ಚಿದ ಮಗುವನ್ನ ಅಪ್ಪ ಅವ್ವ ಬೈಕ್ ಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆ ಅಂತ ತಡೆದಾಗ ಮಗು ಕೆಳಗೆ ಬಿದ್ದು ಜೀವ ಹೋಯಿತು. ಮೂವರು ಎಎಸ್‌ಐ ಅಮಾನತಾದರು. ಅದಾದ ಮೇಲೆ ರಾಜ್ಯ ಪೊಲೀಸ್ ಮುಖ್ಯಸ್ಥರೇ ದಿಢೀರ್ ಅಡ್ಡ ಬರಬೇಡಿ, ಕೀ ಕಸಿಯಬೇಡಿ ಅಂತ ಸುತ್ತೋಲೆ ಕಳಿಸಿದರು. ಸುತ್ತೋಲೆ ಕಲಬುರಗಿಗೆ ಬಸ್ಸಲ್ಲಿ ಬರ್ತಾ ಇರಬೇಕು.

ಕರಿಕೋಟು:

ಇಲ್ಲಿನ ಹೈಕೋರ್ಟ್ ಪೀಠದಲ್ಲೂ ಕೆಳಗಿನ ಕೋರ್ಟಲ್ಲೂ ಓಡಾಡುವವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಬಿಸಿಲೂರಿನವರೇ, ರೇಸಿಗೆ ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇರುವುದೇ ಇದಕ್ಕೆ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡನೇ ಸಲ ಸಿಕ್ಕರೆ 1 ವರ್ಷ, 10,000. ಅಪಾಯ ಆಗುವ ಹಾಗೆ ಓಡಿಸಿದರೆ 184 ಇದೆ, ಭಾರತೀಯ ನ್ಯಾಯ ಸಂಹಿತೆಯ 281 ಇದೆ. ಸೈಲೆನ್ಸರ್ ಬದಲಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 182ಎ ಬೇರೆ. ಹದಿನೆಂಟು ತುಂಬದ ಹುಡುಗ ಓಡಿಸಿ ಅಪರಾಧ ಮಾಡಿದರೆ 199ಎ ಪ್ರಕಾರ ಗಾಡಿ ಕೊಟ್ಟ ಅಪ್ಪನ ಮೇಲೇ ಕೇಸು: 3 ವರ್ಷದವರೆಗೆ ಜೈಲು, 25,000 ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಇಷ್ಟನ್ನ ಸರಿಯಾಗಿ ಬಳಸಿದರೆ ಲಾಠಿ ಎತ್ತುವ ಅಗತ್ಯವೇ ಬೀಳಲ್ಲ. ಇಷ್ಟೂ ಸಾಲದು ಅನ್ನುವವರೂ ಇದ್ದಾರೆ. ಗಂಗಾವತಿಯ ಒಂದು ವ್ಹೀಲಿಂಗ್ ಕೇಸಲ್ಲಿ 2025ರಲ್ಲಿ ಹೈಕೋರ್ಟು ಜಾಮೀನು ಕೊಡದೆ, ವ್ಹೀಲಿಂಗ್ ತಡೆಯಲು ಇನ್ನೂ ಕಠಿಣ ಕಾನೂನು ಬೇಕು ಅಂದಿತ್ತು. ಇರಲಿ, ಆದರೆ ಅದು ಕೋರ್ಟಿಗೆ ಹೋದ ಕೇಸು. ನಿಮ್ಮ ಅಳಿಯನದು ಠಾಣೆಯ ಪುಸ್ತಕದಲ್ಲೇ ಇಲ್ಲ. ನನ್ನ ತಕರಾರು ಅಲ್ಲೇ.

ಗಾಡಿ ಹಿಡಿಯುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 207ರಲ್ಲಿದೆ. ಲೈಸೆನ್ಸ್ ಇಲ್ಲ, ವಯಸ್ಸಾಗಿಲ್ಲ, ಗಾಡಿಗೆ ನೋಂದಣಿ ಇಲ್ಲ, ಇಂಥದ್ದಕ್ಕೆ. ಇಲ್ಲದಿದ್ದರೆ ಒಂದು ಕೇಸು ಹಾಕಿ, ಅದರ ಸಾಕ್ಷಿ ಅಂತ ಜಪ್ತಿ ಮಾಡಬೇಕು. ಹಾಗೆ ಮಾಡಿದರೆ ಪಟ್ಟಿ ಬರೆಯಬೇಕು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಅದನ್ನ ವಿಡಿಯೋ ಕೂಡ ಮಾಡಬೇಕು. ವಿಚಿತ್ರ ನೋಡಿ, ಜಪ್ತಿಯ ವಿಡಿಯೋ ಮಾಡಲಿಲ್ಲ, ಬಸ್ಕಿಯ ವಿಡಿಯೋ ಮಾತ್ರ ಆಯಿತು. ಏಟು ಹಾಕುವುದು, ಬಸ್ಕಿ ಹೊಡೆಸುವುದು ಯಾವ ಪುಸ್ತಕದಲ್ಲೂ ಇಲ್ಲ. ಜೋಳದರೊಟ್ಟಿಯವರೇ, ರೋಡ್ ರೋಲರ್ ಕೂಡ ಹಾಗೇ. ಸೈಲೆನ್ಸರ್ ಇನ್ನೊಬ್ಬರ ಸ್ವತ್ತು. ನಾಶ ಮಾಡಬೇಕಾದರೆ ಕೋರ್ಟಿನ ಮಾತು ಬೇಕು. ಪೇಪರ್‌ನಲ್ಲಿ ಫೋಟೋ ಚಂದ ಬರುತ್ತೆ ಅನ್ನೋದು ಬೇರೆ ವಿಷಯ.

ಇನ್ನೊಂದು ವಿಷಯ ಮಂದಿಗೆ ಗೊತ್ತೇ ಇಲ್ಲ. 2019ರಲ್ಲಿ ಕಲಬುರಗಿಗೆ ಪೊಲೀಸ್ ಕಮಿಷನರೇಟ್ ಬಂತು. 'ಇನ್ನು ಮುಂದೆ ತಂಟೆ ಮಾಡಲ್ಲ' ಅಂತ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಜಿಲ್ಲೆಯ ಉಳಿದ ಕಡೆ ತಹಶೀಲ್ದಾರ್ ಥರದ ಬೇರೆ ಇಲಾಖೆಯವರ ಕೈಯಲ್ಲಿದೆ. ಕಮಿಷನರೇಟಿನಲ್ಲಿ ಅದೂ ಪೊಲೀಸ್ ಅಧಿಕಾರಿಗಳದ್ದೇ. ಅಂದರೆ ಹಿಡಿದವರೂ ಅವರೇ, ಬಾಂಡ್ ಬರೆಸುವವರೂ ಅವರೇ. ರೇಸ್ ಹುಡುಗರ ಮೇಲೆ ರೌಡಿ ಶೀಟ್ ತೆರೀತೀವಿ ಅನ್ನೋ ಮಾತೂ ಆಗಾಗ ಕೇಳಿ ಬರುತ್ತೆ. ರೌಡಿ ಶೀಟ್ ತೆರೆಯುವ ಮುಂಚೆ ಆ ಮನುಷ್ಯನಿಗೆ ನೋಟಿಸ್ ಕೊಟ್ಟು ಅವನ ಮಾತೂ ಕೇಳಬೇಕು ಅಂತ 2022ರಲ್ಲಿ ಹೈಕೋರ್ಟು ಹೇಳಿದೆ. ಇಪ್ಪತ್ತು ವರ್ಷದ ಹುಡುಗನ ಹೆಸರು ಒಮ್ಮೆ ಆ ಪುಸ್ತಕ ಸೇರಿದರೆ ಪಾಸ್‌ಪೋರ್ಟ್‌ಗೆ, ಸರ್ಕಾರಿ ನೌಕರಿಗೆ ಎಷ್ಟು ಅಲೆಯಬೇಕು ಅನ್ನೋದನ್ನ ನಾನು ದಿನಾ ನೋಡುತ್ತೇನೆ.

ಈಗ ನೀವು ಮಾಡಬೇಕಾದ್ದು. ಮೊದಲು ಹುಡುಗನನ್ನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯ ದಾಖಲಿಸಿ, ಬಾವು ಇಳಿಯುವ ಮುಂಚೆ. ಮಿಲ್‌ನಲ್ಲಿ ಹಾಜರಿ ಪಂಚ್ ಇದ್ದರೆ ಅದರ ಪ್ರಿಂಟ್ ತೆಗೆದುಕೊಳ್ಳಿ, ಹೊರಟ ಹೊತ್ತು ಅದರಲ್ಲಿರುತ್ತೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಇದ್ದರೆ ಇವತ್ತೇ ಹೋಗಿ ಸಿಸಿಟಿವಿ ಕೇಳಿ, ಕೆಲವು ದಿನಕ್ಕೆ ಅಳಿಸಿ ಹೋಗುತ್ತೆ. ಆಮೇಲೆ ಠಾಣೆಗೆ ಬಾಯಿ ಮಾತಲ್ಲಿ ಹೋಗಬೇಡಿ. 'ಇಂಥ ನಂಬರಿನ ಗಾಡಿಯನ್ನು ಇಂಥ ದಿನ ಯಾವ ಸೆಕ್ಷನ್ ಅಡಿ ಹಿಡಿದಿದ್ದೀರಿ ತಿಳಿಸಿ' ಅಂತ ಒಂದೇ ಸಾಲಿನ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲಿಗೆ ಎಷ್ಟು ಶಕ್ತಿ ಇದೆ ಅಂತ ನೀವೇ ನೋಡುತ್ತೀರಿ. ಕೇಸು ಇದೆ ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಗಾಡಿ ಬಿಡಿಸಬಹುದು. ಹಿಡಿದ ಗಾಡಿಗಳನ್ನ ಠಾಣೆ ಅಂಗಳದಲ್ಲಿ ಕೊಳೆಸಬೇಡಿ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಕೇಸೇ ಇಲ್ಲ ಅಂದರೆ ಗಾಡಿ ಅಲ್ಲಿ ನಿಂತಿದ್ದು ಯಾಕೆ ಅಂತ ಅವರು ಹೇಳಬೇಕು. ಏಟಿನ ವಿಷಯ ಕಮಿಷನರಿಗೆ ಬರೆಯಬಹುದು, ಪೊಲೀಸ್ ದೂರು ಪ್ರಾಧಿಕಾರಕ್ಕೂ ಕೊಡಬಹುದು. ಹಣ ಮಾತ್ರ ಕೊಡಬೇಡಿ.

ಹಳೇ ಖಾಕಿ:

ವಕೀಲ್ ಸಾಹೇಬರು ಹೇಳಿದ್ದು ಸರಿ, ಆದರೆ ರಾತ್ರಿ ಹನ್ನೆರಡಕ್ಕೆ ರಸ್ತೆ ಮೇಲೆ ನಿಂತವರ ಕಥೆಯೂ ಕೇಳಿರಿ. 30 ವರ್ಷ ಸರ್ವಿಸ್ ಮಾಡಿ ನಿವೃತ್ತಿ ಆದವನು. ಜೀಪಿನಲ್ಲಿ ನಾವು ಮೂವರು, ಎದುರಿಗೆ ಇಪ್ಪತ್ತು ಗಾಡಿ. ಬೆಳಗ್ಗೆಯಿಂದ ಬಂದೋಬಸ್ತ್ ಮಾಡಿ ಕಾಲು ಸೆಟೆದಿರುತ್ತೆ, ಮೇಲಿನವರು 'ಎಷ್ಟು ಗಾಡಿ ಹಿಡಿದ್ರಿ' ಅಂತ ಲೆಕ್ಕ ಕೇಳುತ್ತಾರೆ. ಲೆಕ್ಕ ಕೇಳಿದರೆ ಲೆಕ್ಕ ತುಂಬಿಸುತ್ತೇವೆ. ನಿಮ್ಮ ಅಳಿಯ ಆ ಲೆಕ್ಕದಲ್ಲಿ ಒಬ್ಬ. ತಪ್ಪು ಅಂತ ಗೊತ್ತಿದ್ದೇ ಹೇಳ್ತಿದ್ದೇನೆ.

ನಾನೂ ಬೆನ್ನಟ್ಟಿದ್ದೇನೆ. ಒಂದು ರಾತ್ರಿ ಆಳಂದ ರಸ್ತೆ ಮೇಲೆ ಇಬ್ಬರು ಹುಡುಗರ ಹಿಂದೆ ಜೀಪ್ ಬಿಟ್ಟೆವು. ಹಿಂದೆ ಕೂತವನು ತಿರುಗಿ ತಿರುಗಿ ನಮ್ಮನ್ನೇ ನೋಡುತ್ತಿದ್ದ, ಓಡಿಸುವವನು ಲೈಟ್ ಆರಿಸಿದ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಟ್ರೇಲರ್‌ಗೆ ಹಿಂದೆ ಒಂದು ಕೆಂಪು ಪಟ್ಟಿಯೂ ಇಲ್ಲ. ಸದ್ದು ಕೇಳಿಸಿತು, ನಾವು ಬ್ರೇಕ್ ಹಾಕಿದೆವು. ಹುಡುಗರು ಉಳಿದರು, ಒಬ್ಬನ ಕೈ ಮಾತ್ರ ಹೋಯಿತು. ಆಸ್ಪತ್ರೆಗೆ ಎತ್ತಿಕೊಂಡು ಹೋದವನು ನಾನೇ. ದಾರಿಯಲ್ಲಿ 'ಸರ್, ಅಪ್ಪಗ ಹೇಳಬ್ಯಾಡ್ರಿ' ಅಂತಿದ್ದ.

ಅವನು ಹೆದರಿದ್ದು ನಮಗಲ್ಲ, ಅಪ್ಪನಿಗೆ. ಅದನ್ನ ನಾನು ಆಮೇಲೆ ಬಳಸಿಕೊಂಡೆ. ರಾತ್ರಿ ಅಡ್ಡ ನಿಲ್ಲುವುದು ಬಿಟ್ಟೆ. ಮಫ್ತಿಯಲ್ಲಿ ಚಹಾ ಅಂಗಡಿ ಹತ್ತಿರ ಕೂತು ನಂಬರ್ ಬರೆದುಕೊಳ್ಳುವುದು, ಬೆಳಗ್ಗೆ ಏಳಕ್ಕೆ ಯೂನಿಫಾರ್ಮ್ ಹಾಕಿ ಮನೆ ಬಾಗಿಲಿಗೆ ನೋಟಿಸ್. ಅವ್ವ ಅಂಗಳಕ್ಕೆ ನೀರು ಹಾಕ್ತಾ ಇರುತ್ತಾಳೆ, ಅಪ್ಪ ಲುಂಗಿಯಲ್ಲಿ ಹೊರಗೆ ಬರುತ್ತಾನೆ, ಪಕ್ಕದ ಮನೆಯವರು ಇಣುಕುತ್ತಾರೆ, ಹುಡುಗ ಒಳಗೆ ಹೊದ್ದುಕೊಂಡು ಮಲಗಿರುತ್ತಾನೆ. ಎಬ್ಬಿಸಿ ಕರೆಯೋದು. ಗಾಡಿ, ಕಾಗದ ಎರಡೂ ಅಪ್ಪನ ಎದುರಿಗೇ. ಅಂಥ ಮನೆಗೆ ಎರಡನೇ ಸಲ ಹೋದದ್ದು ಬಹಳ ಕಡಿಮೆ. ಆದರೆ ಇದಕ್ಕೆ ಪೇಪರ್‌ನಲ್ಲಿ ಫೋಟೋ ಬರಲ್ಲ, ಸಾಹೇಬರಿಗೆ ಲೆಕ್ಕವೂ ಸಿಗಲ್ಲ.

ನಟ್ಟು ಬೋಲ್ಟು:

ಗ್ಯಾರೇಜ್ ನಡೆಸುತ್ತೇನೆ, ಬೈಯಬೇಡಿ. ಸೈಲೆನ್ಸರ್ ನಾನೂ ಹಾಕಿಕೊಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಶಬ್ದದ ಸೈಲೆನ್ಸರ್ ಬೇಕು ಅಂತ ಬರುವವರಲ್ಲಿ ರೇಸ್ ಹೊಡೆಯುವವರು ಕಡಿಮೆ. ಜಾಸ್ತಿ ಮಂದಿ ಕಾಲೇಜ್ ಗೇಟ್ ಮುಂದೆ ಸದ್ದು ಮಾಡೋಕೆ. ನಿಜವಾದ ರೇಸ್ ಹುಡುಗರು ಇನ್‌ಸ್ಟಾದಲ್ಲಿ ಟೈಮ್ ಹಾಕಿಕೊಳ್ಳುತ್ತಾರೆ, ರೀಲ್ಸ್ ಬಿಡುತ್ತಾರೆ, ಮುಖ ಕಾಣುತ್ತೆ, ಎಷ್ಟೋ ಸಲ ನಂಬರೂ ಕಾಣುತ್ತೆ. ಪೊಲೀಸರಿಗೆ ಅದು ಸಾಕಲ್ವಾ? ಮನೆಯಲ್ಲಿ ಕೂತೇ ಹಿಡಿಯಬಹುದು. ಗಲ್ಲಿ ಗಲ್ಲಿ ತಿರುಗಿ ಕೆಲವು ಓಣಿಯ ಹುಡುಗರನ್ನೇ ನಿಲ್ಲಿಸಿ, ಹೆಸರು ಕೇಳಿದ ಮೇಲೆ ಮಾತಿನ ಧಾಟಿ ಬದಲಾಗುವುದು ನಮ್ಮ ಗ್ಯಾರೇಜಿನ ಹುಡುಗರಿಗೆ ಆಗಿದೆ. ಅದನ್ನ ಯಾರೂ ಬರೆಯಲಿಲ್ಲ, ನಾನು ಬರೆದೆ.

ಜೋಳದರೊಟ್ಟಿ:

ಹಳೇ ಖಾಕಿ ಸರ, ನೀವು ಹೇಳಿದ್ದು ಒಪ್ಪಿದೆ. ರೋಡ್ ರೋಲರ್ ವಾಪಸ್ ತಗೊಂಡೆ. ವಕೀಲರೇ ಒಂದು ಕೇಳಬೇಕಿತ್ತು, ಹೆಲ್ಮೆಟ್ ಇಲ್ಲದೆ ಬುಲೆಟ್ ಮೇಲೆ ಹೋಗುವ ಪೊಲೀಸರಿಗೆ ದಂಡ ಉಂಟಾ?

ಕರಿಕೋಟು:

ಉಂಟು, ಡಬಲ್. ಸೆಕ್ಷನ್ 210ಬಿ. ಕಾಯ್ದೆ ಜಾರಿ ಮಾಡುವವರೇ ಅದನ್ನ ಮುರಿದರೆ ಎರಡು ಪಟ್ಟು. ಯಾರು ಹಾಕುತ್ತಾರೆ ಅಂತ ಮಾತ್ರ ಕೇಳಬೇಡಿ.

ಬಿಸಿಲೂರಿನವ:

ಎಲ್ಲರಿಗೂ ಉಪಕಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಅರ್ಜಿ ಬರೆದುಕೊಂಡು ಹೋದೆ. ಸೀಲು ಹಾಕಲು ಮೊದಲು ಒಪ್ಪಲಿಲ್ಲ, 'ಯಾಕ್ರಿ ದೊಡ್ಡದು ಮಾಡ್ತೀರಿ' ಅಂದರು. ನಾನು ಸುಮ್ನೆ ಬೆಂಚಿನ ಮೇಲೆ ಕೂತೆ. ಒಂದು ಗಂಟೆ ಆದ ಮೇಲೆ ಒಳಗಿಂದ ಒಬ್ಬ ಅಧಿಕಾರಿ ಬಂದು ಓದಿದರು, ಮಿಲ್‌ನ ಪಂಚ್ ಚೀಟಿ ನೋಡಿದರು. 11 ಗಂಟೆ 14 ನಿಮಿಷ ಅಂತ ಇತ್ತು. ನಾನು 112ಕ್ಕೆ ಫೋನ್ ಮಾಡಿದ್ದು 11 ಗಂಟೆ 9ಕ್ಕೆ, ನನ್ನ ಮೊಬೈಲಲ್ಲೇ ಇದೆ. ಮತ್ತೇನೂ ಮಾತಾಡಲಿಲ್ಲ. 'ಹೆಲ್ಮೆಟ್ ಇರಲಿಲ್ಲವಲ್ಲ' ಅಂತ 500 ರೂಪಾಯಿ ಚಲನ್ ಹರಿದರು. ಅದು ನಿಜ, ಇರಲಿಲ್ಲ. ಕಟ್ಟಿದೆ, ರಸೀದಿ ಕೊಟ್ಟರು. ಅಂಗಳದಲ್ಲಿ ಬಿಸಿಲಿಗೆ ನಿಂತು ಸೀಟು ಸುಡುತ್ತಿತ್ತು, ಎಡಗಡೆ ಕನ್ನಡಿ ಒಡೆದಿತ್ತು. ಊಟದ ಡಬ್ಬಿ ಹ್ಯಾಂಡಲ್‌ನಲ್ಲೇ ನೇತಾಡುತ್ತಿತ್ತು, ವಾಸನೆ ಕೇಳಬೇಡಿ.

ಏಟಿನ ಬಗ್ಗೆ ದೂರು ಕೊಡೋಣ ಅಂದರೆ ಅಳಿಯ ಬೇಡ ಅಂತಾನೆ. 'ಮಾಮಾ, ದಿನಾ ಅದೇ ದಾರಿಲಿ ಬರಬೇಕು' ಅಂದ. ಆಸ್ಪತ್ರೆ ಕಾಗದ ಮಾಡಿಸಿ ಇಟ್ಟಿದ್ದೇನೆ, ಅವನಿಗೆ ಮನಸ್ಸು ಬಂದಾಗ ನೋಡೋಣ. ಫೋನ್ ಮಾಡಿದವನು ನಾನೇ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ನೋಡಿ, ಹೆಲ್ಮೆಟ್ ಕೊಡಿಸು ಅಂದ.

ನಿನ್ನೆ ಶನಿವಾರ. ಹನ್ನೊಂದಕ್ಕೆ ಮತ್ತೆ ಅದೇ ಸದ್ದು. ಅವ್ವ ಎದ್ದು ಕೂತಳು, ಫೋನ್ ನನ್ನ ಕೈಯಲ್ಲೇ ಇತ್ತು. ಅಳಿಯ ಬಂದು, ಗಾಡಿ ಒಳಗೆ ಹಚ್ಚಿ, ಗೇಟಿನ ಚಿಲಕ ಹಾಕಿದ ಮೇಲೆ 112 ಒತ್ತಿದೆ.