ತಂಡಕ್ಕೆ ಬಂದ ಮಾಜಿ ಸೈನಿಕರಿಗೆ ಗೌರವ ಕೊಡುವುದು ಹೇಗೆ?

ಪ್ರಶ್ನೆ:
ನಾನು ಗೋದಾಮೊಂದರ ಮೇಲ್ವಿಚಾರಕಿ. ಮೂರು ತಿಂಗಳ ಹಿಂದೆ ಮಾಜಿ ಸೈನಿಕರೊಬ್ಬರು ನಮ್ಮಲ್ಲಿ ಸೇರಿದರು. 17 ವರ್ಷ ಸೇವೆ ಮಾಡಿದವರು. ಗೇಟ್ ಉಸ್ತುವಾರಿ ಕೊಟ್ಟಿದ್ದೇವೆ. ಅವರಿಗೆ ಸನ್ಮಾನ ಮಾಡೋಣ ಅಂತ ಎಲ್ಲ ಸಿದ್ಧ ಮಾಡಿದ್ದೆವು. ಹಿಂದಿನ ದಿನ ಬಂದು "ಮೇಡಂ, ದಯವಿಟ್ಟು ಬೇಡ" ಅಂದರು. ಬೇರೆ ಏನೇ ಹೇಳಿದರೂ "ಆಯ್ತು ಮೇಡಂ", ಅಷ್ಟೇ. ಮೊನ್ನೆ ಊಟದ ಹೊತ್ತಲ್ಲಿ ಒಬ್ಬ ಹುಡುಗ "ಎಷ್ಟು ಜನರನ್ನು ಕೊಂದಿದ್ದೀರಿ ಸರ್?" ಅಂತ ಕೇಳಿಬಿಟ್ಟ. ಅವರು ಡಬ್ಬಿ ಮುಚ್ಚಿ ಎದ್ದು ಹೋದರು. ಅವತ್ತಿನಿಂದ ಒಬ್ಬರೇ ಕೂತು ಊಟ ಮಾಡುತ್ತಾರೆ. ನನಗೆ ತುಂಬಾ ಸಂಕಟವಾಗುತ್ತಿದೆ. ಏನು ಮಾಡಲಿ?

ಉತ್ತರ 1:
ಮೇಡಂ, ನಾನು ಸಿಗ್ನಲ್ಸ್‌ನಲ್ಲಿ, ಅಂದರೆ ಸೈನ್ಯದ ಸಂಪರ್ಕ ವಿಭಾಗದಲ್ಲಿ, 20 ವರ್ಷ ಇದ್ದವನು. "ಆಯ್ತು" ಅಂದರೆ ಒಪ್ಪಿಗೆ ಅಂತ ತಿಳಿಯಬೇಡಿ. ಅಲ್ಲಿ ಆದೇಶ ಬಂದ ಮೇಲೆ ವಾದ ಇಲ್ಲ. ಹೊರಗೆ ಬಂದಾಗ ಯಾವುದು ಆದೇಶ, ಯಾವುದು ಸುಮ್ನೆ ಮಾತು ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. "ಇದು ಇನ್ನೂ ತೀರ್ಮಾನ ಆಗಿಲ್ಲ, ನಿಮಗೇನು ಅನಿಸುತ್ತೆ?" ಅಂತ ಬಿಡಿಸಿ ಕೇಳಿ.

ಆ ಹುಡುಗನಿಗೆ ನೀವೇ ತಿಳಿಹೇಳಿ. "ಅಲ್ಲಿ ನಿಮ್ಮ ಕೆಲಸ ಏನಿತ್ತು ಸರ್?" ಅಂತ ಕೇಳಲಿ. ಸೈನ್ಯ ಅಂದರೆ ಬಂದೂಕು ಮಾತ್ರ ಅಲ್ಲ. ವಾಹನ ರಿಪೇರಿ, ಸ್ಟೋರ್ ಲೆಕ್ಕ, ಅಡುಗೆ, ಆಸ್ಪತ್ರೆ ಎಲ್ಲ ಇದೆ. ನನ್ನ ಬಯೋಡೇಟಾದಲ್ಲಿ ಹುದ್ದೆ, ಪದಕ ಬರೆದಿದ್ದೆ. ಯಾರೂ ಕರೆಯಲಿಲ್ಲ. ಗೆಳೆಯನೊಬ್ಬ ಕೂತು ಕೇಳಿದ: ಕೈಕೆಳಗೆ ಎಷ್ಟು ಜನ? ಎಷ್ಟು ಉಪಕರಣ? ಕೆಟ್ಟರೆ ಎಷ್ಟು ಹೊತ್ತಲ್ಲಿ ಸರಿ ಮಾಡಬೇಕಿತ್ತು? ಅದನ್ನೇ ಬರೆದೆವು, ಕೆಲಸ ಸಿಕ್ಕಿತು. ನಿಮ್ಮದು ಗೋದಾಮು ಅಂತೀರಿ. ಗೇಟಿಗೆ ಹಾಕುವ ಮೊದಲು ಅವರನ್ನು ಕೇಳಿದ್ದಿರಾ?

ಉತ್ತರ 2:
ಅಕ್ಕ, ನಮ್ಮ ಯಜಮಾನರೂ ಸೈನ್ಯದಿಂದ ಬಂದವರು. ವೇದಿಕೆ ಹತ್ತಿದರೆ ವಾಪಸ್ ಬಾರದ ಗೆಳೆಯರೇ ಕಣ್ಣಮುಂದೆ ಬರುತ್ತಾರೆ ಅನ್ನುತ್ತಾರೆ. ಹಾಗಂತ ಸೈನಿಕರನ್ನು ನೆನೆಯುವ ದಿನಾಚರಣೆ ತಪ್ಪಲ್ಲ. ಎಷ್ಟೋ ದೇಶಗಳು ನವೆಂಬರ್ 11ನ್ನು ಆರಿಸಿಕೊಂಡವು, 1918ರಲ್ಲಿ ಅಂದು ಮೊದಲ ಮಹಾಯುದ್ಧ ನಿಂತಿತು. ಭಾರತದಲ್ಲಿ ಮಾಜಿ ಸೈನಿಕರ ದಿನ ಜನವರಿ 14; 1953ರಲ್ಲಿ ಅಂದು ನಮ್ಮ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರು ನಿವೃತ್ತರಾದರು. ಎರಡೂ ಮನೆಗೆ ಮರಳುವ ದಿನಗಳೇ ಅಲ್ವಾ? ಅವರಿಗೆ ಹೇಗೆ ಇಷ್ಟವೋ ಹಾಗೆ ಮಾಡಿ.

ಮಾತು ಕಡಿಮೆ ಅಂದ ಕೂಡಲೇ ಮನಸ್ಸಿನ ಕಾಯಿಲೆ ಅಂತ ಅಂದುಕೊಳ್ಳಬೇಡಿ. ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಈಗ ಎಲ್ಲರ ಬಾಯಲ್ಲೂ ಅದೇ. ಹೆಚ್ಚಿನವರಿಗೆ ಅದು ಬರುವುದಿಲ್ಲ, ಬಂದವರಿಗೆ ಚಿಕಿತ್ಸೆ ಇದೆ. ವೈದ್ಯರನ್ನು ನೋಡಲು ರಜೆ ಕೇಳಿದರೆ ನಾಲ್ಕು ಜನರ ಮುಂದೆ ಕಾರಣ ಕೇಳಬೇಡಿ.

ಮನೆಯವರನ್ನೂ ವಿಚಾರಿಸಿ. ಒಂಬತ್ತು ಸಲ ಮನೆ ಬದಲಾಯಿಸಿ ನನ್ನ ಟೀಚರ್ ಕೆಲಸ ನಿಂತೇ ಹೋಗಿತ್ತು. ಪಕ್ಕದ ಮನೆಯವರು ತಾವಾಗಿ ಬಂದು "ನಮ್ಮ ಶಾಲೆಯಲ್ಲಿ ಒಂದು ಜಾಗ ಖಾಲಿ ಇದೆ" ಅಂದರು. ಅವತ್ತು ನಮ್ಮಿಬ್ಬರ ಕಣ್ಣಲ್ಲೂ ನೀರು.

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ:
ಕೇಳಿದೆ. 11 ವರ್ಷ ಸ್ಟೋರ್ ನೋಡಿಕೊಂಡವರಂತೆ! ಮೊದಲೇ ಕೇಳದಿದ್ದಕ್ಕೆ ಕ್ಷಮೆ ಕೇಳಿದೆ. ಜಾಸ್ತಿ ಹೋಗುವ ಸರಕು ನಮ್ಮಲ್ಲಿ ಹಿಂದಿನ ಸಾಲಿನಲ್ಲಿದೆ, ಮುಂದೆ ತಂದರೆ ಓಡಾಟ ಉಳಿಯುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದರು. ಸೋಮವಾರದಿಂದ ಸ್ಟಾಕ್ ಅವರ ಕೈಯಲ್ಲಿ. ಆ ಹುಡುಗನೂ ಕ್ಷಮೆ ಕೇಳಿದ. ಇವತ್ತು ಇಬ್ಬರೂ ಸೇರಿ ಮೂರನೇ ಸಾಲು ಎಣಿಸುತ್ತಿದ್ದಾರೆ.