ಮೇ ತಿಂಗಳಲ್ಲಿ ಅಪ್ಪ ಅಮ್ಮನ ಜೊತೆ ದುಬೈ: ಅಮ್ಮನ ಪಾಸ್‌ಪೋರ್ಟಲ್ಲಿ ಒಂದೇ ಹೆಸರು, ಅಪ್ಪನಿಗೆ ಶುಗರ್. ಏನೇನು ನೋಡ್ಕೋಬೇಕು?

ಶೆಟ್ಟಿಹಳ್ಳಿ_ತುಮಕೂರು

ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ರಜೆಯಲ್ಲಿ ಮೇ 4ಕ್ಕೆ ಹೊರಟು ಏಳು ದಿನ ದುಬೈ ನೋಡ್ಕೊಂಡು ಬರೋಣ ಅಂತಿದ್ದೀವಿ. ಒಟ್ಟು ಆರು ಜನ. ಟಿಕೆಟ್ ಇನ್ನೂ ಮಾಡಿಸಿಲ್ಲ.

ಅಮ್ಮನ ಪಾಸ್‌ಪೋರ್ಟಲ್ಲಿ ಗಿವನ್ ನೇಮ್ ಜಾಗದಲ್ಲಿ "ಸಿದ್ದಗಂಗಮ್ಮ" ಅಂತ ಒಂದೇ ಪದ ಇದೆ, ಸರ್‌ನೇಮ್ ಖಾಲಿ. ಎರಡನೇ ಪುಟದಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅಂತಾನೂ ಮುದ್ರೆ ಇದೆ (ಓದಿದ್ದು ಏಳನೇ ಕ್ಲಾಸು, ಈಗ 59 ವರ್ಷ). ಅಪ್ಪನ ಪಾಸ್‌ಪೋರ್ಟ್ ಅಕ್ಟೋಬರ್ 28ಕ್ಕೆ ಮುಗಿಯುತ್ತೆ. ಅವರಿಗೆ 66 ವರ್ಷ. ರಾತ್ರಿ ಒಂದು ಇನ್ಸುಲಿನ್, ಶುಗರ್ ಬಿಪಿ ಮಾತ್ರೆ, ಪಾದ ಉರಿಗೆ ಒಂದು ನರದ ಮಾತ್ರೆ, ಅಪರೂಪಕ್ಕೆ ನಿದ್ದೆ ಮಾತ್ರೆ. ಲಸಿಕೆ ಏನಾದ್ರೂ ಕಡ್ಡಾಯನಾ? ಅಲ್ಲಿರೋ ನೆಂಟರಿಗೆ ಕಜ್ಜಾಯ, ಹುಳಿಪುಡಿ, ತಿಪಟೂರು ಕೊಬ್ಬರಿ ಒಯ್ಯಬೇಕು ಅಂತ ಅಮ್ಮನ ಆಸೆ. ತಿಳಿದವರು ದಯವಿಟ್ಟು ಹೇಳಿ.

ಟಿಕೆಟ್_ಕೌಂಟರ್_ಕೋಲಾರ

ಸಾರ್, ಟಿಕೆಟ್ ಮಾಡಿಸದೆ ಇದ್ದದ್ದು ಒಳ್ಳೇದಾಯ್ತು. ನಿಮ್ಮ ಮನೆಯ ಎರಡು ಪಾಸ್‌ಪೋರ್ಟೂ ಈಗಿರೋ ಸ್ಥಿತೀಲಿ ನಡೆಯಲ್ಲ.

ಅಪ್ಪಾಜಿಯವರದ್ದು ಸುಲಭ. ಯುಎಇ ಕೇಳೋದು ಅಲ್ಲಿ ಇಳಿದ ದಿನದಿಂದ ಕನಿಷ್ಠ ಆರು ತಿಂಗಳು ಸಿಂಧುತ್ವ. ಮೇ 4ಕ್ಕೆ ಇಳಿದರೆ ನವೆಂಬರ್ 4ರ ತನಕ ಇರಬೇಕು, ನಿಮಗೆ ಒಂದು ವಾರ ಕಮ್ಮಿ ಬೀಳುತ್ತೆ. ಒಂದು ವಾರ ತಾನೇ ಅಂತ ಯಾರೂ ಬಿಡಲ್ಲ, ಚೆಕ್‌ಇನ್ ಕೌಂಟರಲ್ಲೇ ವಾಪಸ್ ಕಳಿಸ್ತಾರೆ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಲ್ಲಿ ರೀಇಶ್ಯೂಗೆ ಹಾಕಿ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದ್ರೆ ಮೇಲೆ 2,000. ಅರ್ಜಿ ತುಂಬುವಾಗ ಹತ್ತಿರದ ಕೇಂದ್ರ ಯಾವುದು, ಯಾವ ದಿನ ಖಾಲಿ ಇದೆ ಅಂತ ಅಲ್ಲೇ ತೋರಿಸುತ್ತೆ. ಬೆಂಗಳೂರಿಗೇ ಹೋಗಬೇಕು ಅಂತ ಕೂತ್ಕೋಬೇಡಿ.

ಅಮ್ಮನವರದ್ದು ನಿಜವಾದ ತೊಡಕು. ನಮ್ಮ ಕಡೆ ಸರ್‌ನೇಮ್ ಇಡೋ ಪದ್ಧತಿ ಇಲ್ಲ, ಹಳೇ ಕಾಲದವರಿಗಂತೂ ಹೆಸರು ಅಂದ್ರೆ ಒಂದೇ ಪದ. ಯುಎಇ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಕೊಡ್ತಿಲ್ಲ. ಸರ್‌ನೇಮ್ ಖಾಲಿ ಇದ್ದು ಗಿವನ್ ನೇಮಲ್ಲಿ ಎರಡು ಪದ ಇದ್ರೆ ಆ ಮಾತು ಬೇರೆ. ಒಂದೇ ಪದ ಆದ್ರೆ ಮಾತ್ರ ತಕರಾರು.

ದಾರಿ ಏನಪ್ಪಾ ಅಂದ್ರೆ, ರೀಇಶ್ಯೂ ಅರ್ಜಿಯಲ್ಲಿ "ವೈಯಕ್ತಿಕ ವಿವರ ಬದಲಾವಣೆ" ಆರಿಸಿ ಸರ್‌ನೇಮ್ ಸೇರಿಸೋದು. ಆದ್ರೆ ಅದಕ್ಕೂ ಮೊದಲು ಆಧಾರ್ ಮತ್ತು ಪ್ಯಾನಲ್ಲಿ ಹೆಸರು ಅದೇ ರೀತಿ ಎರಡು ಪದ ಆಗಿರಬೇಕು. ಎಡವೋದೇ ಇಲ್ಲಿ. ಆಧಾರಲ್ಲಿ ಒಂದು ಪದ, ಅರ್ಜಿಯಲ್ಲಿ ಎರಡು ಪದ ಇದ್ರೆ ಕೇಂದ್ರದಲ್ಲಿ ಫೈಲ್ ಹಿಡಿದಿಡ್ತಾರೆ. ಯಜಮಾನರ ಹೆಸರನ್ನೇ ಸರ್‌ನೇಮ್ ಮಾಡ್ಕೊಳ್ಳೋದಾದ್ರೆ ಮದುವೆ ನೋಂದಣಿ ಪತ್ರ ಕೈಲಿರಲಿ. ದಾಖಲೆಗಳಲ್ಲಿ ಹೊಂದಾಣಿಕೆ ಇಲ್ಲದಿದ್ರೆ ಅಫಿಡವಿಟ್ಟು, ಎರಡು ದಿನಪತ್ರಿಕೆಯಲ್ಲಿ ಪ್ರಕಟಣೆ ಕೇಳಬಹುದು, ಅದಕ್ಕೆ ಹೆಚ್ಚು ದಿನ ಹಿಡಿಯುತ್ತೆ. ಪೊಲೀಸ್ ವೆರಿಫಿಕೇಶನ್‌ಗೆ ಬಂದಾಗ ಅಮ್ಮ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಇರಬೇಕು, ಮಗಳ ಮನೆಗೆ ಹೋಗಿದ್ದಾರೆ ಅಂದ್ರೆ ಫೈಲ್ ಹಿಂದೆ ಹೋಗುತ್ತೆ.

ಹೆಗ್ಗೆರೆ_ರಸ್ತೆ

ಅಷ್ಟೆಲ್ಲ ತಲೆಬಿಸಿ ಯಾಕೆ? ಪಾಸ್‌ಪೋರ್ಟಿನ ಕೊನೇ ಹಾಳೆಯಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರೆ ಯುಎಇ ಒಪ್ಪುತ್ತೆ ಅಂತ ಆಮೇಲೆ ತಿದ್ದುಪಡಿ ಬಂತಲ್ಲ?

ಟಿಕೆಟ್_ಕೌಂಟರ್_ಕೋಲಾರ

ಬಂತು, ನೀವು ಹೇಳಿದ್ದು ಸರಿ. ಆದ್ರೆ ಆ ವಿನಾಯಿತಿ ಇರೋದು ಅಲ್ಲಿ ಇಳಿದ ಮೇಲೆ ವೀಸಾ ಪಡೆಯೋ ಅರ್ಹತೆ ಇದ್ದವರಿಗೆ ಮಾತ್ರ. ಭಾರತದವರಲ್ಲಿ ಆ ಅರ್ಹತೆ ಅಮೆರಿಕದ ವೀಸಾ, ಗ್ರೀನ್ ಕಾರ್ಡ್ ಥರದ್ದು ಕೈಲಿದ್ದವರಿಗೆ. ತುಮಕೂರಿಂದ ಮೊದಲೇ ವೀಸಾ ಮಾಡಿಸ್ಕೊಂಡು ಹೋಗೋ ಅಮ್ಮನವರಿಗೆ ಅದು ಅನ್ವಯಿಸಲ್ಲ. ಸುಮಾರು ಜನ ಈ ಅರ್ಧ ಮಾತು ಕೇಳ್ಕೊಂಡೇ ಟಿಕೆಟ್ ದುಡ್ಡು ಕಳ್ಕೊಳ್ಳೋದು.

ಇಸಿಆರ್ ಬಗ್ಗೆ: ಅದು ಕೆಲಸಕ್ಕೆ ಹೋಗೋರಿಗೆ ಸಂಬಂಧಪಟ್ಟಿದ್ದು. ಪ್ರವಾಸಕ್ಕೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾಗಿಲ್ಲ. ಹಾಗಂತ ದೇವನಹಳ್ಳಿ ಇಮಿಗ್ರೇಷನಲ್ಲಿ ಇಸಿಆರ್ ಮುದ್ರೆ ಕಂಡ್ರೆ ಎರಡು ಪ್ರಶ್ನೆ ಜಾಸ್ತಿ ಕೇಳ್ತಾರೆ, ಯಾಕಂದ್ರೆ ಪ್ರವಾಸಿ ವೀಸಾದಲ್ಲಿ ಹೆಣ್ಣುಮಕ್ಕಳನ್ನ ಮನೆಗೆಲಸಕ್ಕೆ ಸಾಗಿಸೋ ಏಜೆಂಟರು ಇದ್ದಾರೆ. ವಾಪಸ್ ಟಿಕೆಟ್ಟು, ಹೋಟೆಲ್ ಬುಕಿಂಗ್ ಮುದ್ರಿಸಿ ಅಮ್ಮನ ಕೈಲೂ ಒಂದು ಪ್ರತಿ ಕೊಡಿ, ನಿಮ್ಮ ಜೊತೇಲೇ ಸಾಲಿನಲ್ಲಿ ನಿಲ್ಲಿಸಿ. 50 ವರ್ಷ ದಾಟಿರೋದ್ರಿಂದ ಹೇಗೂ ಈಗಿನ ರೀಇಶ್ಯೂ ಅರ್ಜಿಯಲ್ಲೇ ಇಸಿಆರ್ ತೆಗೆಸಬಹುದು, ವಯಸ್ಸಿನ ಆಧಾರದ ಮೇಲೆ ಕೇಳಿ.

ಎರಡೂ ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೇ ವೀಸಾ. ವಿಮಾನ ಕಂಪನಿ, ಹೋಟೆಲ್ ಅಥವಾ ಪರವಾನಗಿ ಇರೋ ಟ್ರಾವೆಲ್ಸ್ ಮೂಲಕ ಹಾಕಬಹುದು. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೇ ಪುಟದ ಬಣ್ಣದ ಸ್ಕ್ಯಾನ್, ಬಿಳಿ ಹಿನ್ನೆಲೆಯ ಫೋಟೋ, ಹೋಗಿ ಬರೋ ಟಿಕೆಟ್, ಉಳಿಯೋ ಜಾಗದ ಪುರಾವೆ ಇಷ್ಟು ಬೇಕು. ನೆಂಟರ ಮನೇಲಿ ಉಳಿಯೋದಾದ್ರೆ ಅವರ ದಾಖಲೆ ಕೊಡಬೇಕಾಗುತ್ತೆ. ನಿಮಗೆ 30 ದಿನದ್ದೇ ಧಾರಾಳ. ವೀಸಾ ಪಿಡಿಎಫ್ ಬಂದ ಕೂಡಲೇ ಪಾಸ್‌ಪೋರ್ಟ್ ನಂಬರಿನ ಒಂದೊಂದು ಅಂಕಿ ಹೋಲಿಸಿ ನೋಡಿ. ಕಡತದಲ್ಲಿದ್ದ ಹಳೇ ಪಾಸ್‌ಪೋರ್ಟ್ ನಂಬರ್ ಹಾಕಿಬಿಡೋ ಏಜೆಂಟರಿದ್ದಾರೆ, ಆ ವೀಸಾ ಉಪಯೋಗಕ್ಕೆ ಬರಲ್ಲ. ದುಬೈ ವಲಸೆ ಇಲಾಖೆ, ಅಂದ್ರೆ ಜಿಡಿಆರ್‌ಎಫ್‌ಎ ವೆಬ್‌ಸೈಟಲ್ಲಿ ವೀಸಾ ನಂಬರ್ ಹಾಕಿ ನೀವೇ ಪರಿಶೀಲಿಸಬಹುದು. ಅವಧಿ ಮೀರಿದ್ರೆ ದಿನಕ್ಕೆ 50 ದಿರ್ಹಾಂ ದಂಡ, ಮೊದಲಿದ್ದ ಹತ್ತು ದಿನದ ರಿಯಾಯಿತಿ ಈಗಿಲ್ಲ.

ಔಷಧಿ_ಅಂಗಡಿ_ಶಿರಾ

ಲಸಿಕೆಯದ್ದು ಚಿಕ್ಕ ಉತ್ತರ: ಭಾರತದಿಂದ ನೇರವಾಗಿ ದುಬೈಗೆ ಹೋಗೋ ಪ್ರವಾಸಿಗೆ ಯಾವ ಲಸಿಕೆ ಪತ್ರವೂ ಕಡ್ಡಾಯ ಅಲ್ಲ. ಮೆನಿಂಜೈಟಿಸ್ ಲಸಿಕೆ ಅಂತ ಹೇಳೋದು ಸೌದಿಗೆ ಉಮ್ರಾ, ಹಜ್‌ಗೆ ಹೋಗೋರಿಗೆ. ಅಪ್ಪನಿಗೆ ಫ್ಲೂ ಲಸಿಕೆ ಹಾಕಿಸಿದ್ರೆ ಒಳ್ಳೇದು, ಶುಗರ್ ಇರೋರಿಗೆ ಊರಲ್ಲಿದ್ರೂ ಬೇಕಾದ್ದೇ ಅದು.

ನನಗೆ ಭಯ ಆಗಿದ್ದು ನೀವು ಸಲೀಸಾಗಿ ಬರೆದಿರೋ "ನರದ ಮಾತ್ರೆ" ನೋಡಿ. ಈಗಲೇ ಆ ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಪಾದ ಉರಿಗೆ ನಮ್ಮಲ್ಲಿ ಬರೆಯೋ ಮಾತ್ರೆಗಳಲ್ಲಿ ಮೀಥೈಲ್‌ಕೋಬಾಲಮಿನ್ ಜೊತೆ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ಸೇರಿರೋದು ತುಂಬಾ ಸಾಮಾನ್ಯ. ಮನೆಯವರು ಅದನ್ನ ವಿಟಮಿನ್ ಮಾತ್ರೆ ಅಂತಲೇ ತಿಳ್ಕೊಂಡಿರ್ತಾರೆ. ಯುಎಇಯಲ್ಲಿ ಪ್ರಿಗ್ಯಾಬಲಿನ್ ನಿಯಂತ್ರಿತ ಔಷಧಿ, ಅಂದ್ರೆ ಮುಂಗಡ ಅನುಮತಿ ಇಲ್ಲದೆ ಒಯ್ಯೋ ಹಾಗಿಲ್ಲ. ಗ್ಯಾಬಪೆಂಟಿನ್ ಅಂತಿದ್ರೂ ಇದೇ ಎಚ್ಚರಿಕೆ ಇರಲಿ. ನಿದ್ದೆ ಮಾತ್ರೆ ಸಾಮಾನ್ಯವಾಗಿ ಕ್ಲೊನಾಜೆಪಾಮ್, ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಆಗಿರುತ್ತೆ, ಅವೂ ನಿಯಂತ್ರಿತ. ನೋವಿಗೆ ಕೊಡೋ ಟ್ರಮಡಾಲ್, ಕೊಡೀನ್ ಇರೋ ಕೆಮ್ಮಿನ ಸಿರಪ್ ಇನ್ನೂ ಕಟ್ಟುನಿಟ್ಟು.

ಮಾಡಬೇಕಾದ್ದು ಹೀಗೆ. ಮೊದಲು ಡಾಕ್ಟರ್ ಹತ್ರ ಹೋಗಿ ಏಳು ದಿನಕ್ಕೆ ಬದಲಿ ಏನಾದ್ರೂ ಇದೆಯಾ ಕೇಳಿ. ಅಪರೂಪಕ್ಕೆ ತಗೊಳ್ಳೋ ನಿದ್ದೆ ಮಾತ್ರೆ ಊರಲ್ಲೇ ಬಿಟ್ಟು ಹೋಗಬಹುದಾ ಅಂತಲೂ ಅವರನ್ನೇ ಕೇಳಿ. ಪ್ರಿಗ್ಯಾಬಲಿನ್ ದಿನಾ ತಗೊಳ್ಳೋರು ಮಾತ್ರ ತಾವಾಗೇ ನಿಲ್ಲಿಸಬಾರದು, ಒಮ್ಮೆಲೇ ಬಿಟ್ರೆ ನಿದ್ದೆ ಕೆಡುತ್ತೆ, ಬೆವರು, ಚಡಪಡಿಕೆ ಬರುತ್ತೆ. ಬೇಕೇ ಬೇಕು ಅಂದ್ರೆ ಯುಎಇ ಸರ್ಕಾರದ ವೆಬ್‌ಸೈಟಲ್ಲಿ ಸ್ವಂತ ಬಳಕೆಯ ಔಷಧಿ ತರೋದಕ್ಕೆ ಮುಂಗಡ ಅನುಮತಿ ಅರ್ಜಿ ಇದೆ. ಪಾಸ್‌ಪೋರ್ಟ್ ಪ್ರತಿ, ಡಾಕ್ಟರ್ ಚೀಟಿ, ರೋಗದ ವರದಿ ಅಪ್‌ಲೋಡ್ ಮಾಡಿ, ಅನುಮತಿ ಪತ್ರ ಮುದ್ರಿಸಿ ಮಾತ್ರೆ ಜೊತೆ ಇಟ್ಕೊಳ್ಳಿ. ನಿಯಂತ್ರಿತ ಔಷಧಿ ಒಂದು ತಿಂಗಳಿಗೆ, ಉಳಿದವು ಮೂರು ತಿಂಗಳಿಗೆ ಮೀರಬಾರದು.

ಚೀಟಿ ಇಂಗ್ಲಿಷಲ್ಲಿ ಟೈಪ್ ಮಾಡಿಸಿ, ಸಹಿ ಸೀಲು ಇರಲಿ, ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಮೂಲ ಹೆಸರು ಇರಲಿ. ನಮ್ಮ ಬ್ರ್ಯಾಂಡು ಅಲ್ಲಿಯವರಿಗೆ ಗೊತ್ತಿರಲ್ಲ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಂದ್ರೆ ಯಾವ ದೇಶದಲ್ಲೂ ಗೊತ್ತು. ವಾರದ ಡಬ್ಬಿಗೆ ಮಾತ್ರೆ ಬಿಡಿಸಿ ತುಂಬ್ಕೊಂಡು ಹೋಗಬೇಡಿ, ಸ್ಟ್ರಿಪ್ಪಲ್ಲೇ ಇರಲಿ. ಕತ್ತರಿಸಿದ ಸ್ಟ್ರಿಪ್ ಆದ್ರೆ ಹೆಸರಿರೋ ಭಾಗ ಉಳಿಸ್ಕೊಳ್ಳಿ.

ಇನ್ಸುಲಿನ್ ಕೈಚೀಲದಲ್ಲೇ ಹೋಗಬೇಕು. ಕೆಳಗಿನ ಲಗೇಜಲ್ಲಿ ಹಾಕಿದ್ರೆ ಹೆಪ್ಪುಗಟ್ಟಿ ಕೆಡಬಹುದು, ಲಗೇಜ್ ತಡವಾದ್ರೆ ರಾತ್ರಿ ಡೋಸೂ ಇಲ್ಲ. ಸೂಜಿಗೆ ಡಾಕ್ಟರ್ ಪತ್ರ ತೋರಿಸಿ. ಐಸ್ ಪ್ಯಾಕ್‌ಗೆ ನೇರ ತಾಗಿಸದೆ ಬಟ್ಟೆ ಸುತ್ತಿಡಿ. ಹೋಟೆಲ್ ಫ್ರಿಜ್ಜಲ್ಲಿ ಹಿಂಬದಿ ಗೋಡೆಗೆ ತಾಗೋ ಹಾಗೆ ಇಟ್ರೂ ಹೆಪ್ಪುಗಟ್ಟುತ್ತೆ, ಬಾಗಿಲಿನ ಅರೆಯಲ್ಲಿಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ರಾತ್ರಿಯ ಒಂದು ಡೋಸಿಗೆ ಅದು ದೊಡ್ಡ ವ್ಯತ್ಯಾಸ ಅಲ್ಲ.

ಚಿಂತಾಮಣಿ_ಅಕ್ಕ

ಅಮ್ಮನ ಕಜ್ಜಾಯದ ವಿಷಯಕ್ಕೆ ಬರ್ತೀನಿ. ಕಜ್ಜಾಯದ ಮೇಲೆ ಗಸಗಸೆ ಅಂಟಿಸ್ತಾರಾ? ಅಂಟಿಸಿದ್ರೆ ಒಂದೂ ಒಯ್ಯಬೇಡಿ. ಗಸಗಸೆ ಅಫೀಮು ಗಿಡದ ಬೀಜ, ಯುಎಇಯಲ್ಲಿ ಪೂರ್ತಿ ನಿಷೇಧ. ನಮಗದು ಪಾಯಸದ ಸಾಮಾನು, ಅವರ ಕಾನೂನಿಗೆ ಮಾದಕ ವಸ್ತು. ಮನೇಲಿ ಕುಟ್ಟಿದ ಸಾಗು ಮಸಾಲೆ, ಕೋಳಿ ಮಸಾಲೆ ಪುಡಿಯಲ್ಲೂ ಗಸಗಸೆ ಬಿದ್ದಿರುತ್ತೆ. ಹುಳಿಪುಡಿಗೆ ಹಾಕಿಲ್ಲ ಅಂತ ಅಮ್ಮನ್ನ ಒಂದಲ್ಲ ಎರಡು ಸಲ ಕೇಳಿ. ಊರಿಂದ ಊರಿಗೆ ದಿನಸಿ ತುಂಬ್ಕೊಂಡು ಓಡಾಡಿದ ಚೀಲನೇ ಸೂಟ್‌ಕೇಸ್ ಒಳಗೆ ಹಾಕಬೇಡಿ, ಹೊಲಿಗೆ ಮೂಲೆಯಲ್ಲಿ ಕಾಳು ಕೂತಿರುತ್ತೆ. ಬಿಳಿ ಎಳ್ಳು ಹಾಕಿ ಕಜ್ಜಾಯ ಮಾಡಿದ್ರೆ ರುಚಿಗೇನೂ ಕೊರತೆ ಇಲ್ಲ.

ತಿಪಟೂರು ಕೊಬ್ಬರಿಯೂ ಬೇಡ. ಇದು ದುಬೈ ಕಾನೂನಲ್ಲ, ವಿಮಾನದ ಸುರಕ್ಷತೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಗಾಳಿ ಆಡದೆ ಒತ್ತೊತ್ತಾಗಿದ್ರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್‌ಇನ್ ಲಗೇಜಲ್ಲೂ ಬಿಡ್ತಿಲ್ಲ. ಸ್ಕ್ಯಾನರಲ್ಲಿ ಗಿಟಕಿನ ದುಂಡು ಆಕಾರ ಸ್ಪಷ್ಟವಾಗಿ ಕಾಣುತ್ತೆ, ಚೀಲ ಬಿಚ್ಚಿಸ್ತಾರೆ. ಪೂಜೆ ಸಾಮಾನಲ್ಲಿ ಕರ್ಪೂರ, ಬೆಂಕಿಪೊಟ್ಟಣ ಇರಬಾರದು. ವೀಳ್ಯದೆಲೆ, ಅಡಿಕೆ, ಗುಟ್ಕಾ ಅಲ್ಲಿ ನಿಷೇಧ. ಅಪ್ಪನಿಗೆ ಎಲೆಯಡಿಕೆ ಅಭ್ಯಾಸ ಇದ್ರೆ ಈಗಿಂದಲೇ ಹೇಳಿ ಒಪ್ಪಿಸಿ. ತುಪ್ಪ, ಉಪ್ಪಿನಕಾಯಿ ಕೈಚೀಲಕ್ಕೆ ಬೇಡ.

ಇನ್ನೊಂದು ಮಾತು. "ನಮ್ಮ ಹುಡುಗ ಅಲ್ಲೇ ಇದ್ದಾನೆ, ಇದೊಂದು ಡಬ್ಬಿ ಕೊಟ್ಬಿಡಿ" ಅಂತ ಬೀದಿಯವರು ಬರ್ತಾರೆ. ನೀವೇ ಬಿಚ್ಚಿ ನೋಡಿ ನೀವೇ ಕಟ್ಟಿದ್ದಲ್ಲದ ಯಾವ ಪೊಟ್ಟಣವೂ ಬೇಡ. ಬೇಜಾರಾದ್ರೂ ಆಗಲಿ. ನಿಮ್ಮ ಲಗೇಜಲ್ಲಿ ಸಿಕ್ಕಿದ್ದು ನಿಮ್ಮದೇ ಅಂತ ಲೆಕ್ಕ.

ಶೆಟ್ಟಿಹಳ್ಳಿ_ತುಮಕೂರು

ಸ್ಟ್ರಿಪ್ ತಿರುಗಿಸಿ ನೋಡಿದೆ. ಪ್ರಿಗ್ಯಾಬಲಿನ್ 75 ಅಂತಾನೇ ಇದೆ. ಸೋಮವಾರ ಡಾಕ್ಟರ್ ಹತ್ರ ಹೋಗ್ತೀವಿ. ಕಜ್ಜಾಯಕ್ಕೂ ಗಸಗಸೆ ಹಾಕ್ತಾರೆ ಅಕ್ಕ. ಮೇ ಬಿಸಿಲಿನ ಬಗ್ಗೆ ಯಾರಾದ್ರೂ ಹೇಳ್ತೀರಾ? ತುಮಕೂರಿನ ಬಿಸಿಲು ಅಭ್ಯಾಸ ಇರೋರಿಗೆ ತಡೆಯುತ್ತಾ?

ಔಷಧಿ_ಅಂಗಡಿ_ಶಿರಾ

ನಮ್ಮ ಬಿಸಿಲಿನ ಅಭ್ಯಾಸ ಅಲ್ಲಿ ಅಷ್ಟು ಉಪಯೋಗಕ್ಕೆ ಬರಲ್ಲ. ಇಲ್ಲಿ ಒಣ ಹವೆ, ಬೆವರು ಆರಿ ಮೈ ತಣ್ಣಗಾಗುತ್ತೆ. ದುಬೈಯಲ್ಲಿ ಮೇ ತಿಂಗಳಲ್ಲಿ 38, 40 ಡಿಗ್ರಿ ಸಾಮಾನ್ಯ, ಅದರ ಮೇಲೆ ಸಮುದ್ರದ ತೇವ. ಬೆವರು ಸುರಿಯುತ್ತೆ, ಆರಲ್ಲ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಹೊರಗಿನ ಜಾಗ, ಮಧ್ಯಾಹ್ನ ಮಾಲು, ಮ್ಯೂಸಿಯಂ. ಒಳಗೆ ಎಸಿ ಚಳಿ, ಅಮ್ಮನಿಗೆ ಶಾಲು ಇರಲಿ.

ಅಪ್ಪನ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಥವಾ ಬಿಪಿಗೆ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಇದೆಯಾ ನೋಡಿ. ಇವು ಮೂತ್ರದಲ್ಲಿ ನೀರು ಹೊರಹಾಕೋ ಮಾತ್ರೆಗಳು, ಸೆಕೆಯಲ್ಲಿ ನೀರಿನಂಶ ಬೇಗ ಇಳಿಯುತ್ತೆ, ಎದ್ದು ನಿಂತರೆ ತಲೆ ಸುತ್ತುತ್ತೆ. ಸೋಮವಾರ ಇದನ್ನೂ ಕೇಳಿ. ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಒಯ್ಯಿರಿ: ಡಬ್ಲ್ಯುಎಚ್‌ಓ ಸೂತ್ರದ್ದು, 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಕಲಸಿದ್ರೆ ಉಪ್ಪು ಅತಿಯಾಗುತ್ತೆ. ಟೆಟ್ರಾ ಪ್ಯಾಕಲ್ಲಿ ಬರೋ ಹಣ್ಣಿನ ರುಚಿಯ ಪೇಯಗಳು ಓಆರ್‌ಎಸ್ ಅಲ್ಲ, ಸಕ್ಕರೆ ನೀರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಅಂಥವುಗಳ ಮೇಲೆ ಆ ಹೆಸರು ಹಾಕೋದನ್ನೇ ನಿಲ್ಲಿಸಿತು.

ಪಾದ ಉರಿ ಇದೆ ಅಂದ್ರೆ ಪಾದದ ಸ್ಪರ್ಶ ಮಂದ ಆಗಿರಬಹುದು. ಬೀಚಿನ ಮರಳಲ್ಲಿ, ಈಜುಕೊಳದ ಕಲ್ಲಿನ ಮೇಲೆ ಅಪ್ಪ ಬರಿಗಾಲಲ್ಲಿ ನಡೆಯಲೇಬಾರದು. ಸುಟ್ಟಿದ್ದು ಗೊತ್ತಾಗಲ್ಲ, ರಾತ್ರಿ ಸಾಕ್ಸ್ ಬಿಚ್ಚಿದಾಗ ಬೊಬ್ಬೆ ಕಾಣುತ್ತೆ. ದಿನಾ ಮಲಗೋ ಮುಂಚೆ ಅಂಗಾಲು ನೀವೇ ನೋಡಿ. ಮರಳುಗಾಡಿನ ಸಫಾರಿಗೆ ಹೋದ್ರೆ ಜೀಪ್ ಕುಲುಕಾಟ ಹಿರಿಯರ ಸೊಂಟಕ್ಕೆ ಬೇಡ, ನೇರ ಕ್ಯಾಂಪಿಗೆ ಕರ್ಕೊಂಡು ಹೋಗೋ ಗಾಡಿ ಕೇಳಿ. ಒಂಟೆ ಮುಟ್ಟೋದು, ಹಸಿ ಒಂಟೆ ಹಾಲು ಅಪ್ಪನಿಗೆ ಬೇಡ. ಉಸಿರಾಟದ ಕಾಯಿಲೆ ತರೋ ಮರ್ಸ್ ವೈರಸ್ ಒಂಟೆಯಿಂದ ಹರಡುತ್ತೆ, ಶುಗರ್ ಇರೋರಿಗೆ ತೀವ್ರವಾಗೋ ಸಂಭವ ಜಾಸ್ತಿ. ಮಕ್ಕಳು ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೆಸಿ.

ಮಾತು ತೊದಲೋದು, ಗಲಿಬಿಲಿ, ಮೈ ಕೆಂಡದ ಹಾಗಾಗೋದು ಕಂಡ್ರೆ ನೆರಳಿಗೆ ತಂದು ಮೈಮೇಲೆ ನೀರು ಹಾಕ್ತಾ 998ಕ್ಕೆ ಫೋನ್ ಮಾಡಿ, ಅದು ಆಂಬುಲೆನ್ಸ್. ಪೊಲೀಸ್ 999. ಪ್ರಯಾಣ ವಿಮೆ ತಗೊಳ್ಳುವಾಗ ಶುಗರ್ ಬಿಪಿ ಇದೆ ಅಂತ ಬರೆಸಿ, ಮುಚ್ಚಿಟ್ರೆ ಅದೇ ಕಾರಣಕ್ಕೆ ಕ್ಲೈಮ್ ತಳ್ಳಿಹಾಕ್ತಾರೆ.

ಟಿಕೆಟ್_ಕೌಂಟರ್_ಕೋಲಾರ

ಒಂದು ಬಿಟ್ಟಿದ್ದೆ. ತುಮಕೂರಿಂದ ಬೆಂಗಳೂರು ಒಳಗೆ ನುಗ್ಗಬೇಡಿ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡೀರಿ. ವಿದೇಶಿ ವಿಮಾನ ಎಲ್ಲ ಟರ್ಮಿನಲ್ 2ರಿಂದ, ಮೂರು ಗಂಟೆ ಮುಂಚೆ ಅಲ್ಲಿರಿ. ಟಿಕೆಟಲ್ಲಿ ಅಮ್ಮನ ಹೆಸರು ಹೊಸ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಎರಡೂ ಪದ ಬರಬೇಕು. ಏಜೆಂಟ್ ಹಳೇ ವಾಟ್ಸಾಪ್ ಫೋಟೋ ನೋಡಿ ಟೈಪ್ ಮಾಡ್ದೆ ಇರೋ ಹಾಗೆ, ಹಳೇ ಫೋಟೋ ಆ ಚಾಟಿಂದ ಇವತ್ತೇ ಅಳಿಸಿಸಿ.